ಬೆಲೆಬಾಳುವ ಗಡಿಯಾರವೋ, ಹೆಜ್ಜೆ ಎಣಿಸುವ ಸ್ಮಾರ್ಟ್‌ವಾಚೋ? ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಕೌಜಲಗಿ, ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಜೈನ ಮನೆಗಳಲ್ಲಿ ಅಳಿಯನಿಗೆ ವಾಚು ಕೊಡುವುದು ಹಳೆಯ ರೂಢಿ. ಹಿಂದೆ ಇದರಲ್ಲಿ ಯೋಚಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ಅಂಗಡಿಗೆ ಹೋದರೆ ಎಚ್‌ಎಂಟಿ, ಆಮೇಲೆ ಟೈಟನ್. ಈಗ ಹಾಗಿಲ್ಲ. ಒಂದು ಕಡೆ ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಗಡಿಯಾರಗಳು, ಇನ್ನೊಂದು ಕಡೆ ಹೆಜ್ಜೆ, ಹೃದಯ ಬಡಿತ, ನಿದ್ದೆ ಎಲ್ಲವನ್ನೂ ಲೆಕ್ಕ ಹಾಕುವ ಸ್ಮಾರ್ಟ್‌ವಾಚುಗಳು. ಮಗ ಒಂದು ಕೇಳುತ್ತಾನೆ, ಬೀಗರು ಇನ್ನೊಂದು ನಿರೀಕ್ಷಿಸುತ್ತಾರೆ, ಮನೆಯ ಹಿರಿಯರಿಗೆ ಡಾಕ್ಟರು ದಿನಾ ನಡೆಯಿರಿ ಎಂದಿರುತ್ತಾರೆ. ಹಣ ಮಾತ್ರ ಒಂದೇ ಕಿಸೆಯಿಂದ ಹೋಗಬೇಕು. ಆದ್ದರಿಂದ ಎರಡರ ಗುಣ, ಮಿತಿ ಮತ್ತು ನಮ್ಮ ಆಚಾರಕ್ಕೆ ಯಾವುದು ಎಷ್ಟು ಹೊಂದುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕರ್ನಾಟಕ ಮತ್ತು ಕೈಗಡಿಯಾರ

ಭಾರತದ ಕೈಗಡಿಯಾರದ ಇತಿಹಾಸದಲ್ಲಿ ನಮ್ಮ ರಾಜ್ಯದ ಹೆಸರು ಮೊದಲು ಬರುತ್ತದೆ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಮಷೀನ್ ಟೂಲ್ಸ್ ಸಂಸ್ಥೆ, ಜಪಾನಿನ ಸಿಟಿಜನ್ ಕಂಪನಿಯ ಸಹಕಾರದೊಂದಿಗೆ 1961ರಲ್ಲಿ ವಾಚು ತಯಾರಿಕೆಗೆ ಕೈ ಹಾಕಿತು. ಜನತಾ, ಪೈಲಟ್, ಕೊಹಿನೂರ್, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ತುಮಕೂರಿನಲ್ಲಿಯೂ ಕಾರ್ಖಾನೆ ಇತ್ತು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ ಟೈಟನ್ ಸ್ಥಾಪಿಸಿದವು. ಅದರ ಕಾರ್ಖಾನೆ ಹೊಸೂರಿನಲ್ಲಿ, ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ಸೆಲ್ ವಾಚಿನ ಕಾಲಕ್ಕೆ ತಕ್ಕಂತೆ ಬದಲಾಗುವುದರಲ್ಲಿ ಎಚ್‌ಎಂಟಿ ಹಿಂದೆ ಬಿದ್ದಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಹೀಗಿದ್ದರೂ ಅಜ್ಜನ ಜನತಾ ವಾಚು ಚಾವಿ ಕೊಟ್ಟರೆ ಇಂದಿಗೂ ನಡೆಯುವ ಮನೆಗಳಿವೆ. ಯಂತ್ರದ ಗಡಿಯಾರದ ದೊಡ್ಡ ಗುಣವೇ ಇದು. ರಿಪೇರಿ ಮಾಡುವ ಕೈ ಇರುವವರೆಗೆ ಅದಕ್ಕೆ ಆಯುಷ್ಯವಿದೆ.

ಮೂರು ಬಗೆಯ ವಾಚುಗಳು

ಮೊದಲನೆಯದು ಚಾವಿ ಅಥವಾ ಆಟೋಮ್ಯಾಟಿಕ್ ವಾಚು. ಇದರಲ್ಲಿ ಸ್ಪ್ರಿಂಗ್ ಬಿಚ್ಚಿಕೊಳ್ಳುವ ಬಲದಿಂದ ಹಲ್ಲುಚಕ್ರಗಳು ತಿರುಗುತ್ತವೆ. ಬೆಲೆಬಾಳುವ ಸ್ವಿಸ್ ಗಡಿಯಾರಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಸ್ವಿಟ್ಜರ್ಲೆಂಡಿನಲ್ಲಿ ನಿಖರತೆಯ ಪ್ರಮಾಣಪತ್ರ ಪಡೆಯುವ ಯಂತ್ರವೂ ದಿನಕ್ಕೆ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗಲು ಅವಕಾಶವಿದೆ. ಡಯಲ್ ಮೇಲೆ ‘17 ಜ್ಯುಯೆಲ್ಸ್’ ಎಂದಿರುವುದನ್ನು ಕಂಡು ಒಳಗೆ ಬೆಲೆಬಾಳುವ ರತ್ನಗಳಿವೆ ಎಂದು ಕೆಲವರು ತಿಳಿಯುತ್ತಾರೆ. ಅವು ಸವೆತ ತಡೆಯಲು ಹಾಕಿದ ಕೃತಕ ಮಾಣಿಕ್ಯದ ಸಣ್ಣ ಹರಳುಗಳು. ಮಾರಿದರೆ ಅವುಗಳಿಗೆ ಬೆಲೆ ಬರುವುದಿಲ್ಲ.

ಎರಡನೆಯದು ಸೆಲ್ ವಾಚು, ಅಂದರೆ ಕ್ವಾರ್ಟ್ಜ್. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ತಂದಿತು. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಾಮಾನ್ಯ ಸೆಲ್ ವಾಚು ತಿಂಗಳಿಗೆ ಸುಮಾರು 15 ಸೆಕೆಂಡಿನಷ್ಟು ಮಾತ್ರ ತಪ್ಪಬಹುದು. ಸಮಯ ನೋಡುವುದಷ್ಟೇ ಉದ್ದೇಶವಾದರೆ ಎರಡು ಸಾವಿರ ರೂಪಾಯಿಯ ಸೆಲ್ ವಾಚು ಐದು ಲಕ್ಷದ ಸ್ವಿಸ್ ಯಂತ್ರಕ್ಕಿಂತ ಸರಿಯಾದ ಸಮಯ ತೋರಿಸುತ್ತದೆ. ದುಬಾರಿ ಗಡಿಯಾರಕ್ಕೆ ಕೊಡುವ ಹಣ ಕೆಲಸಗಾರಿಕೆಗೆ, ಹೆಸರಿಗೆ ಮತ್ತು ಪ್ರತಿಷ್ಠೆಗೆ ಕೊಡುವ ಹಣ.

ಮೂರನೆಯದು ಸ್ಮಾರ್ಟ್‌ವಾಚು. ಇದು ಕೈಗೆ ಕಟ್ಟಿದ ಸಣ್ಣ ಕಂಪ್ಯೂಟರ್. ಕೈಯ ಅಲುಗಾಟದಿಂದ ಹೆಜ್ಜೆ ಎಣಿಸುತ್ತದೆ. ಹಿಂಭಾಗದ ಹಸಿರು ಬೆಳಕನ್ನು ಚರ್ಮದ ಮೇಲೆ ಬಿಟ್ಟು, ರಕ್ತ ಹರಿಯುವಾಗ ಬೆಳಕಿನಲ್ಲಿ ಆಗುವ ಏರಿಳಿತದಿಂದ ನಾಡಿ ಬಡಿತ ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಕೈ ಜೋರಾಗಿ ಆಡುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಕೂತಿದ್ದಾಗ ಬರುವ ಸಂಖ್ಯೆಯನ್ನು ಹೆಚ್ಚು ನಂಬಬಹುದು.

ಆರೋಗ್ಯದ ವಿಷಯದಲ್ಲಿ ಎಷ್ಟು ನಂಬಬೇಕು?

ಎಲ್ಲಕ್ಕಿಂತ ಮುಖ್ಯ ಭಾಗ ಇದು. ತಪ್ಪು ವಾಚು ಕೊಂಡರೆ ಹಣ ಹೋಗಬಹುದು. ವಾಚನ್ನು ತಪ್ಪಾಗಿ ನಂಬಿದರೆ ಜೀವಕ್ಕೇ ಕುತ್ತು.

ಹೆಜ್ಜೆ ಎಣಿಕೆ ನಿಜಕ್ಕೂ ಉಪಯುಕ್ತ. ಆದರೆ ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆ ವೈದ್ಯರು ಕೊಟ್ಟದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಅದು ಬಂತು. ಅಮೆರಿಕದಲ್ಲಿ ಸರಾಸರಿ 72 ವರ್ಷದ 16,741 ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರ ಸಾವಿನ ಪ್ರಮಾಣ ಸುಮಾರು 2,700 ಹೆಜ್ಜೆಯವರಿಗಿಂತ ಸ್ಪಷ್ಟವಾಗಿ ಕಡಿಮೆ ಇತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಮನೆಯ ಅಜ್ಜಿಗೆ ವಾಚು ಕಟ್ಟಿ ಹತ್ತು ಸಾವಿರ ಆಗಲಿಲ್ಲವೆಂದು ಕಾಡಬೇಕಾಗಿಲ್ಲ. ಬೆಳಿಗ್ಗೆ ಬಸದಿಗೆ ನಡೆದು ಹೋಗಿ ಬರುವುದೂ ಲೆಕ್ಕಕ್ಕೆ ಸೇರುತ್ತದೆ.

ಕೆಲವು ವಾಚುಗಳು ಹೃದಯ ಬಡಿತದ ಲಯ ತಪ್ಪಿದರೆ ಸೂಚನೆ ಕೊಡುತ್ತವೆ. 4,19,297 ಜನ ಭಾಗವಹಿಸಿದ್ದ ಅಮೆರಿಕದ ದೊಡ್ಡ ಅಧ್ಯಯನದ ಫಲಿತಾಂಶ 2019ರ ನವೆಂಬರಿನಲ್ಲಿ ಪ್ರಕಟವಾಯಿತು. ಶೇಕಡಾ 0.52ರಷ್ಟು ಜನರಿಗೆ ಮಾತ್ರ ಇಂಥ ಸೂಚನೆ ಬಂದಿತ್ತು. ಸೂಚನೆ ಬಂದು ಮುಂದಿನ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಶೇಕಡಾ 34ರಷ್ಟು ಜನರಿಗೆ ಆ ಪರೀಕ್ಷೆಯಲ್ಲಿ ಲಯದೋಷ ಕಂಡುಬಂತು. ಸೂಚನೆ ಬಂದರೆ ಡಾಕ್ಟರ ಬಳಿ ಹೋಗಬೇಕು, ಹೆದರಬೇಕಾಗಿಲ್ಲ ಎಂಬುದು ಇದರ ಅರ್ಥ. ಆದರೆ ವಾಚು ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ. ಎದೆ ನೋವು, ಬೆವರು, ಎಡಗೈ ಸೆಳೆತ ಇದ್ದಾಗ ವಾಚಿನಲ್ಲಿ ಎಲ್ಲ ಸರಿ ಇದೆ ಎಂದು ಮನೆಯಲ್ಲಿ ಕೂರುವುದು ಅಪಾಯ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ರಕ್ತದೊತ್ತಡ ತೋರಿಸುವ ವಾಚುಗಳ ಬಗ್ಗೆಯೂ ಎಚ್ಚರ ಬೇಕು. ಹೆಸರಾಂತ ಕಂಪನಿಯ ವಾಚಿನಲ್ಲಿಯೇ ತೋಳಿಗೆ ಕಟ್ಟುವ ಬಿಪಿ ಯಂತ್ರದ ಜೊತೆ 28 ದಿನಕ್ಕೊಮ್ಮೆ ತಾಳೆ ಹಾಕಬೇಕೆಂಬ ನಿಯಮವಿದೆ. ಅದಿಲ್ಲದೆ ಸಾವಿರ ರೂಪಾಯಿಯ ವಾಚು ತೋರಿಸುವ ಬಿಪಿಯನ್ನು ನಂಬಿ ಗುಳಿಗೆ ಬಿಡಬಾರದು.

ಸಕ್ಕರೆ ಕಾಯಿಲೆ ಇದ್ದವರು ಇದನ್ನು ಚೆನ್ನಾಗಿ ನೆನಪಿಡಬೇಕು. ಸೂಜಿ ಚುಚ್ಚದೆ ವಾಚಿನಿಂದಲೇ ಸಕ್ಕರೆ ಅಳೆಯುತ್ತೇವೆ ಎಂಬ ಜಾಹೀರಾತುಗಳು ಬರುತ್ತಿವೆ. ಅಂಥ ಯಾವುದೇ ವಾಚು ಅಥವಾ ಉಂಗುರಕ್ಕೆ ತಾನು ಅನುಮತಿ ಕೊಟ್ಟಿಲ್ಲ, ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ತೋಳಿಗೆ ಅಂಟಿಸುವ, ಚರ್ಮದೊಳಗೆ ಸಣ್ಣ ತಂತು ಹೋಗುವ ಸೆನ್ಸರ್ ಬೇರೆ. ಅದರ ಅಂಕಿಯನ್ನು ವಾಚು ತೋರಿಸಬಹುದು, ಅಳೆಯುವುದು ಸೆನ್ಸರೇ. ದಶಲಕ್ಷಣ ಪರ್ವದಲ್ಲಿ ಏಕಾಶನ, ಉಪವಾಸ ಮಾಡುವ ಮಧುಮೇಹಿಗಳು ವಾಚಿನ ಸಕ್ಕರೆ ಅಂಕಿ ನೋಡಿ ಧೈರ್ಯ ತಂದುಕೊಳ್ಳಬಾರದು. ಮೊದಲೇ ಡಾಕ್ಟರ ಸಲಹೆ ಪಡೆದು, ತಮ್ಮ ಶಕ್ತಿಯನ್ನು ನೋಡಿ ನಿಯಮ ತೆಗೆದುಕೊಳ್ಳಬೇಕು. ಶಕ್ತಿಗೆ ಅನುಸಾರವಾಗಿ ತಪಸ್ಸು ಎಂದೇ ಆಗಮ ಹೇಳುತ್ತದೆ.

ಆಚಾರದ ದೃಷ್ಟಿಯಿಂದ

ಪಟ್ಟಿ: ದುಬಾರಿ ಗಡಿಯಾರಗಳಿಗೆ ಕರುವಿನ ಅಥವಾ ಮೊಸಳೆಯ ಚರ್ಮದ ಪಟ್ಟಿ ಸಾಮಾನ್ಯ. ಅಹಿಂಸೆಯನ್ನು ಪಾಲಿಸುವ ಮನೆಗೆ ಇದು ತರುವಂಥದ್ದಲ್ಲ. ಸ್ಟೀಲ್, ಟೈಟಾನಿಯಂ, ನೈಲಾನ್, ಸಿಲಿಕೋನ್ ಪಟ್ಟಿ ಕೇಳಿ ಪಡೆಯಬೇಕು. ಹೊರಗೆ ಬಟ್ಟೆ ಕಂಡರೂ ಒಳಪದರ ಚರ್ಮದ್ದಿರಬಹುದು, ಅದನ್ನೂ ಕೇಳಬೇಕು. ಸ್ತ್ರೀಯರ ವಾಚಿನಲ್ಲಿ ಹೊಳೆಯುವ ‘ಮದರ್ ಆಫ್ ಪರ್ಲ್’ ಡಯಲ್ ಇದ್ದರೆ ಅದು ಚಿಪ್ಪಿನ ಒಳಪದರ, ಅಂದರೆ ಪ್ರಾಣಿಜನ್ಯ. ಸ್ಮಾರ್ಟ್‌ವಾಚುಗಳಿಗೆ ಹೆಚ್ಚಾಗಿ ಸಿಲಿಕೋನ್ ಪಟ್ಟಿ ಬರುವುದರಿಂದ ಈ ತೊಂದರೆ ಕಡಿಮೆ.

ರಾತ್ರಿ ಭೋಜನ ತ್ಯಾಗ: ಇಲ್ಲಿ ಸ್ಮಾರ್ಟ್‌ವಾಚು ನಿಜವಾದ ನೆರವು ಕೊಡುತ್ತದೆ. ಇರುವ ಊರಿನ ಸೂರ್ಯಾಸ್ತದ ಸಮಯವನ್ನು ಅದು ದಿನವೂ ತೋರಿಸಬಲ್ಲದು. ಕೌಜಲಗಿ ಭಾಗದಲ್ಲಿ ನವೆಂಬರ್ ಕೊನೆಯಲ್ಲಿ ಸೂರ್ಯ ಸುಮಾರು 5.55ಕ್ಕೇ ಮುಳುಗಿದರೆ, ಜುಲೈ ಆರಂಭದಲ್ಲಿ 7 ಗಂಟೆ ದಾಟುತ್ತದೆ. ಜೂನ್ ಕೊನೆಗೆ ಬೆಂಗಳೂರಿನಲ್ಲಿ ಇಲ್ಲಿಗಿಂತ ಕಾಲು ಗಂಟೆಗೂ ಹೆಚ್ಚು ಮೊದಲೇ ಸೂರ್ಯಾಸ್ತವಾಗುತ್ತದೆ. ಊರಿನ ಲೆಕ್ಕ ಹಿಡಿದು ಬೆಂಗಳೂರಿನ ಮಗನ ಮನೆಯಲ್ಲಿ ಊಟಕ್ಕೆ ಕೂತರೆ ನಿಯಮ ಭಂಗವಾಗಬಹುದು. ಎರಡು ಘಳಿಗೆ ಮೊದಲೇ ಊಟ ಮುಗಿಸುವ ನಿಯಮವಿರುವವರು ವಾಚಿನ ಸಮಯದಿಂದ 48 ನಿಮಿಷ ಕಳೆದುಕೊಳ್ಳಬೇಕು.

ಸಾಮಾಯಿಕ: ಸಾಮಾಯಿಕದ ಕಾಲ ಎರಡು ಘಳಿಗೆ, ಅಂದರೆ 48 ನಿಮಿಷ. ಆ ವೇಳೆಯಲ್ಲಿ ಮೆಸೇಜು, ಫೋನು ಬಂದಾಗಲೆಲ್ಲ ಕೈಯಲ್ಲಿ ನಡುಗುವ ವಾಚು ಸಮಭಾವಕ್ಕೆ ಅಡ್ಡಿ. ಶ್ವೇತಾಂಬರ ಸಮಾಜದ ಕೆಲವು ಪರಂಪರೆಗಳಲ್ಲಿ ವಿದ್ಯುತ್ತನ್ನು ತೇಜಸ್ಕಾಯ ಜೀವವೆಂದು ಭಾವಿಸಿ ಸಾಮಾಯಿಕದಲ್ಲಿ ಸೆಲ್ ಇರುವ ಯಾವ ವಸ್ತುವನ್ನೂ ಮುಟ್ಟುವುದಿಲ್ಲ, ಮರಳು ಗಡಿಯಾರ ಇಟ್ಟುಕೊಳ್ಳುತ್ತಾರೆ. ಅವರಿಗೆ ಸ್ಮಾರ್ಟ್‌ವಾಚಾಗಲಿ ಸೆಲ್ ವಾಚಾಗಲಿ ಆಗುವುದಿಲ್ಲ. ಚಾವಿ ವಾಚಿನಲ್ಲಿ ಸೆಲ್ ಇಲ್ಲದ್ದರಿಂದ ಆ ಪ್ರಶ್ನೆ ಏಳುವುದಿಲ್ಲ. ಇದರಲ್ಲಿ ತಮ್ಮ ತಮ್ಮ ಪರಂಪರೆಯ ತ್ಯಾಗಿಗಳ ಮಾತನ್ನು ಅನುಸರಿಸಬೇಕು. ಅಭಿಷೇಕ, ಪೂಜೆಗೆ ನಿಲ್ಲುವಾಗ ಯಾವ ವಾಚೇ ಇರಲಿ ತೆಗೆದಿಡುವುದು ಒಳ್ಳೆಯದು. ‘30 ಮೀಟರ್’ ಎಂದು ಬರೆದ ವಾಚು ನೀರಿನ ಹನಿ ಸಿಡಿದರೆ ತಡೆಯುತ್ತದೆ, ನೀರಿನಲ್ಲಿ ಮುಳುಗಿಸಲು ತಕ್ಕದ್ದಲ್ಲ.

ಯಾತ್ರೆ: ಸಮ್ಮೇದ ಶಿಖರಜಿಯ ವಂದನೆಯಲ್ಲಿ ಹತ್ತುವುದು, ಟೋಂಕುಗಳ ದರ್ಶನ, ಇಳಿಯುವುದು ಸೇರಿ ಸುಮಾರು 27 ಕಿ.ಮೀ. ನಡಿಗೆ. ತಿಂಗಳುಗಟ್ಟಲೆ ಮೊದಲೇ ಅಭ್ಯಾಸ ಮಾಡುವ ಹಿರಿಯರಿಗೆ ಹೆಜ್ಜೆ ಎಣಿಸುವ ವಾಚು ಉಪಯುಕ್ತ. ಹತ್ತುವಾಗ ನಾಡಿ ಬಹಳ ಏರಿದರೆ ಕೂತು ಸುಧಾರಿಸಿಕೊಳ್ಳಲು ಅದು ನೆನಪು ಮಾಡುತ್ತದೆ. ಕೆಲವು ವಾಚುಗಳು ಬಿದ್ದದ್ದನ್ನು ಗುರುತಿಸಿ ಮನೆಯವರಿಗೆ ಸುದ್ದಿ ಮುಟ್ಟಿಸುತ್ತವೆ. ಇದಕ್ಕೆ ಸಾಮಾನ್ಯವಾಗಿ ಫೋನು ಹತ್ತಿರವಿರಬೇಕು, ನೆಟ್‌ವರ್ಕ್ ಇರಬೇಕು.

ಹಣದ ಲೆಕ್ಕ

ದುಬಾರಿ ಗಡಿಯಾರ ಬಂಗಾರದಂತೆ ಆಸ್ತಿ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಇದು ಪೂರ್ತಿ ನಿಜವಲ್ಲ. ಬಂಗಾರವನ್ನು ಯಾವ ಊರಿನಲ್ಲಾದರೂ ತೂಗಿ ಆ ದಿನದ ದರಕ್ಕೆ ಮಾರಬಹುದು. ವಾಚಿಗೆ ಹಾಗೆ ದರವಿಲ್ಲ. ಕೆಲವೇ ಹೆಸರುಗಳ ಕೆಲವೇ ಮಾದರಿಗಳು ಬೆಲೆ ಉಳಿಸಿಕೊಳ್ಳುತ್ತವೆ. ಹೆಚ್ಚಿನವು ಅಂಗಡಿಯಿಂದ ಹೊರಬಂದ ದಿನವೇ ಬೆಲೆ ಕಳೆದುಕೊಳ್ಳುತ್ತವೆ. ಪೆಟ್ಟಿಗೆ, ಬಿಲ್ಲು, ಗ್ಯಾರಂಟಿ ಕಾರ್ಡು ಇಲ್ಲದಿದ್ದರೆ ಇನ್ನೂ ಕಡಿಮೆ. ಕೆಲವು ವರ್ಷಗಳಿಗೊಮ್ಮೆ ಸರ್ವಿಸ್‌ಗೆ ದೊಡ್ಡ ಊರಿಗೆ ಕಳಿಸಬೇಕು, ಅದರ ಖರ್ಚೂ ಸಾವಿರಗಳಲ್ಲಿ.

ಸ್ಮಾರ್ಟ್‌ವಾಚಿಗೆ ಮರುಮಾರಾಟದ ಬೆಲೆ ಬಹುತೇಕ ಇಲ್ಲ. ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋಲುತ್ತದೆ, ಕಂಪನಿ ಸಾಫ್ಟ್‌ವೇರ್ ಕೊಡುವುದನ್ನು ನಿಲ್ಲಿಸುತ್ತದೆ. 20,000 ರೂಪಾಯಿಯ ವಾಚು ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 5,000 ರೂಪಾಯಿ ಖರ್ಚು, ಇಪ್ಪತ್ತು ವರ್ಷಕ್ಕೆ ಒಂದು ಲಕ್ಷ. ಐದು ವಾಚು ಕಸಕ್ಕೆ. ಹಳೆಯದನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ಪಡೆಯುವವರಿಗೇ ಕೊಡಬೇಕು.

ತೆರಿಗೆಯ ನಿಯಮಗಳೂ ತಿಳಿದಿರಲಿ. ಎರಡು ಲಕ್ಷ ಮೀರಿದ ಖರೀದಿಗೆ ಪ್ಯಾನ್ ಬೇಕು. ಎರಡು ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ಅಂಗಡಿಯವರು ನಗದಾಗಿ ಪಡೆಯುವಂತಿಲ್ಲ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ಮೀರಿದ ಕೈಗಡಿಯಾರಕ್ಕೆ ಶೇಕಡಾ 1ರಷ್ಟು ತೆರಿಗೆಯನ್ನು ಮಾರಾಟಗಾರರೇ ಸಂಗ್ರಹಿಸುವ ನಿಯಮ ಬಂದಿದೆ.

ಹಾಗಾದರೆ ಯಾವುದು?

ಮದುವೆಯ ಉಡುಗೊರೆಯಾಗಿ, ನೆನಪಿಗೆ ಉಳಿಯಲಿ ಎಂದಾದರೆ ಸ್ಟೀಲ್ ಪಟ್ಟಿಯ, ಸಾಧಾರಣ ಬೆಲೆಯ ಚಾವಿ ಅಥವಾ ಸೆಲ್ ವಾಚು ಸಾಕು. ಅದು ಮಕ್ಕಳ ಕಾಲಕ್ಕೂ ಬರುತ್ತದೆ. ಬೀಗರ ಮುಂದೆ ಪ್ರತಿಷ್ಠೆಗಾಗಿ ಸಾಲ ಮಾಡಿ ಲಕ್ಷದ ವಾಚು ಕೊಡುವುದು ಯಾರಿಗೂ ಹಿತವಲ್ಲ. ಒಂದು ಮನೆ ಕೊಟ್ಟರೆ ಮುಂದಿನ ಮನೆಗೆ ಅದೇ ಅಳತೆಯಾಗುತ್ತದೆ, ಹೆಣ್ಣು ಹೆತ್ತ ಬಡ ಕುಟುಂಬಕ್ಕೆ ಅದು ಭಾರವಾಗುತ್ತದೆ.

ಅರವತ್ತು ದಾಟಿದವರಿಗೆ, ಡಾಕ್ಟರು ನಡಿಗೆ ಹೇಳಿದವರಿಗೆ, ಒಂಟಿಯಾಗಿ ಇರುವವರಿಗೆ ನಂಬಿಗಸ್ತ ಕಂಪನಿಯ ಮಧ್ಯಮ ಬೆಲೆಯ ಸ್ಮಾರ್ಟ್‌ವಾಚು ಒಳ್ಳೆಯದು. ಅಂಕಿ ದೊಡ್ಡದಾಗಿ ಕಾಣಬೇಕು, ಒಮ್ಮೆ ಚಾರ್ಜ್ ಮಾಡಿದರೆ ಹಲವು ದಿನ ಬರಬೇಕು. ಮೊಮ್ಮಕ್ಕಳು ಒಮ್ಮೆ ಕೂತು ಬೇಡದ ಸೂಚನೆಗಳನ್ನೆಲ್ಲ ಬಂದ್ ಮಾಡಿ ಕೊಡಬೇಕು. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಹೆಜ್ಜೆ ಎಣಿಸುವ ಅಗತ್ಯವೇ ಇಲ್ಲ, ಗಟ್ಟಿಮುಟ್ಟಾದ ಸೆಲ್ ವಾಚು ಸಾಕು.

ಎರಡೂ ಬೇಕು ಎನ್ನುವವರು ಪರಿಗ್ರಹ ಪರಿಮಾಣ ವ್ರತವನ್ನು ನೆನೆಯಬೇಕು. ಹೊಲ, ಮನೆ, ಬಂಗಾರಕ್ಕೆ ಮಿತಿ ಹಾಕಿಕೊಳ್ಳುವಂತೆ ಇಂಥ ವಸ್ತುಗಳಿಗೂ ಮಿತಿ ಹಾಕಿಕೊಳ್ಳಬಹುದು. ಒಬ್ಬರಿಗೆ ಎಷ್ಟು ವಾಚು ಎಂದು ಮೊದಲು ನಿಶ್ಚಯಿಸಿದರೆ, ಯಾವ ವಾಚು ಎಂಬ ಪ್ರಶ್ನೆ ಅರ್ಧ ಬಗೆಹರಿಯುತ್ತದೆ. ಉಳಿದ ಹಣ ಒಬ್ಬ ವಿದ್ಯಾರ್ಥಿಯ ಫೀಗೆ, ಔಷಧ ದಾನಕ್ಕೆ ಹೋದರೆ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.