ರಿಪೋರ್ಟ್ ನಾರ್ಮಲ್, ಗಂಟು ಅಲ್ಲೇ

ಸ್ತನದಲ್ಲಿ ಗಂಟು ಕೈಗೆ ಸಿಗುತ್ತಿದೆ, ಮ್ಯಾಮೋಗ್ರಾಂ ರಿಪೋರ್ಟಿನಲ್ಲಿ ಮಾತ್ರ ‘ನಾರ್ಮಲ್’ ಎಂದಿದೆ. ಉಸ್ಸಪ್ಪಾ ಎಂದು ಫೈಲನ್ನು ಬೀರುವಿಗೆ ಸೇರಿಸುವವರೇ ಹೆಚ್ಚು. ಸೇರಿಸಬಾರದು. ಕೈಗೆ ಸಿಗುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ನಿಜ. ಆದರೆ ಕ್ಯಾನ್ಸರ್ ಆಗಿರುವವುಗಳಲ್ಲಿ ನೂರಕ್ಕೆ ಸುಮಾರು 10ರಿಂದ 15 ಮ್ಯಾಮೋಗ್ರಾಂನ ಕಣ್ಣು ತಪ್ಪಿಸುತ್ತವೆ.

ಎಕ್ಸ್-ರೇ ಚಿತ್ರದಲ್ಲಿ ಕೊಬ್ಬು ಕಪ್ಪಾಗಿಯೂ ಹಾಲಿನ ಗ್ರಂಥಿ, ನಾರು ಬೆಳ್ಳಗೂ ಮೂಡುತ್ತವೆ. ಕ್ಯಾನ್ಸರ್ ಗಂಟೂ ಬೆಳ್ಳಗೇ. ವಯಸ್ಸಾದಂತೆ ಗ್ರಂಥಿ ಕರಗಿ ಕೊಬ್ಬು ಹೆಚ್ಚುವುದರಿಂದ ಗಂಟು ಎದ್ದು ಕಾಣುತ್ತದೆ. ಚಿಕ್ಕ ವಯಸ್ಸಿನವರ ದಟ್ಟ ಸ್ತನದಲ್ಲಿ ಬಿಳಿಯೊಳಗೆ ಬಿಳಿ ಅಡಗುತ್ತದೆ. ಅದಕ್ಕೇ 30ರೊಳಗಿನವರಿಗೆ ಮೊದಲು ಅಲ್ಟ್ರಾಸೌಂಡ್. 40 ದಾಟಿದವರಿಗೆ ಮ್ಯಾಮೋಗ್ರಾಂ, ಅದರ ಬೆನ್ನಿಗೆ ಅಲ್ಟ್ರಾಸೌಂಡ್. ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಈ ಕಾಯಿಲೆ ಕಾಣಿಸಿಕೊಳ್ಳುವ ನಮ್ಮ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಲೋಬ್ಯುಲಾರ್ ಎಂಬ ಬಗೆಯ ಕ್ಯಾನ್ಸರಂತೂ ಗುಂಪುಗೂಡದೆ ಇರುವೆ ಸಾಲಿನಂತೆ ಹಬ್ಬುತ್ತದೆ. ಅದು ಯಾವ ವಯಸ್ಸಿನಲ್ಲೂ ಚಿತ್ರಕ್ಕೆ ಸುಲಭವಾಗಿ ಸಿಗುವುದಿಲ್ಲ.

ರಿಪೋರ್ಟಿನ ಕೊನೆಯಲ್ಲಿ ‘ಬೈರಾಡ್ಸ್’ ಎಂದು ಒಂದು ಅಂಕಿ ಇರುತ್ತದೆ. 3 ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ, 5 ಎಂದರೆ ಶೇ. 95 ಅಥವಾ ಅದಕ್ಕೂ ಹೆಚ್ಚು. ನಡುವಿನದೆಲ್ಲ 4. ಎಷ್ಟು ಅಗಲದ ಚೀಲ ನೋಡಿ! 4 ಬಂತೆಂದು ಅಳುವ ಅಗತ್ಯವಿಲ್ಲ, ಸುಮ್ಮನಿರುವ ಹಾಗೂ ಇಲ್ಲ. ಸೂಜಿ ಪರೀಕ್ಷೆ ಆಗಲೇಬೇಕು.

ಸೂಜಿಯಲ್ಲೂ ಎರಡು ಬಗೆ. ಎಫ್‌ಎನ್‌ಎಸಿಯ ಸಪೂರ ಸೂಜಿ ಬಿಡಿ ಜೀವಕೋಶಗಳನ್ನಷ್ಟೇ ಎಳೆದು ತರುತ್ತದೆ. ಖರ್ಚು ಕಡಿಮೆ, ಫಲಿತಾಂಶ ಬೇಗ. ಆದರೆ ಕ್ಯಾನ್ಸರ್ ಹಾಲಿನ ನಾಳದ ಗೋಡೆ ಒಡೆದಿದೆಯೇ ಇಲ್ಲವೇ ಎಂಬುದು ಬಿಡಿ ಕೋಶದಿಂದ ತಿಳಿಯುವುದಿಲ್ಲ. ಕೋರ್ ಬಯಾಪ್ಸಿಯಲ್ಲಿ ಸಾಮಾನ್ಯವಾಗಿ 14 ಗೇಜಿನ, ಸುಮಾರು 2 ಮಿ.ಮೀ. ದಪ್ಪದ ಸೂಜಿ ಬಳಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ದಾರದೆಳೆಯಂಥ ತುಣುಕುಗಳನ್ನೇ ತೆಗೆಯುತ್ತಾರೆ. ಅಂಗಾಂಶದ ರಚನೆ ಹಾಗೇ ಉಳಿಯುವುದರಿಂದ ಗೋಡೆ ಒಡೆದದ್ದೂ ಕಾಣುತ್ತದೆ, ಚಿಕಿತ್ಸೆ ನಿರ್ಧರಿಸುವ ಹಾರ್ಮೋನ್ ಮತ್ತು ಹರ್-2 ಪರೀಕ್ಷೆಗಳನ್ನೂ ಅದರಲ್ಲೇ ಮಾಡಬಹುದು. ಅನುಕೂಲವಿದ್ದ ಕಡೆ ಕೋರ್ ಬಯಾಪ್ಸಿಯನ್ನೇ ಕೇಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಊರೂರಲ್ಲಿದೆ. ಸೂಜಿಯ ದಾರಿಯಲ್ಲಿ ಕೆಲವೊಮ್ಮೆ ಒಂದಿಷ್ಟು ಕೋಶ ಸರಿಯುವುದುಂಟು; ಅದರಿಂದ ರೋಗಿಯ ಆಯಸ್ಸು ಕುಂದಿದ್ದು ಕಂಡುಬಂದಿಲ್ಲ. ಸೂಜಿ ಬಳಕೆಗೆ ಬರುವ ಮುಂಚಿನ ರೂಢಿ ಚುಚ್ಚುವುದಕ್ಕಿಂತ ಭೀಕರ. ಅಮೆರಿಕದಲ್ಲಿ ಮಹಿಳೆಗೆ ಅರಿವಳಿಕೆ ಕೊಟ್ಟು, ಟೇಬಲ್ ಮೇಲೇ ಗಂಟು ಪರೀಕ್ಷಿಸಿ, ಕ್ಯಾನ್ಸರ್ ಎಂದಾದರೆ ಅಲ್ಲೇ ಸ್ತನ ತೆಗೆದುಬಿಡುತ್ತಿದ್ದರು. ಎಚ್ಚರವಾದಾಗ ಸ್ತನ ಇರುವುದೋ ಇಲ್ಲವೋ ಆಕೆಗೇ ಗೊತ್ತಿರುತ್ತಿರಲಿಲ್ಲ. 1974ರಲ್ಲಿ ತನ್ನಲ್ಲೇ ಗಂಟು ಕಂಡ ಪತ್ರಕರ್ತೆ ರೋಸ್ ಕುಶ್ನರ್ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ, ನಿರ್ಧಾರ ಆಮೇಲೆ ಎಂದು ಹಟ ಹಿಡಿದರು. 1979ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಭೆಯೂ ಅದನ್ನೇ ಹೇಳಿತು.

ಹಾಗೆಂದು ಸೂಜಿಯದೂ ಕೊನೆಯ ಮಾತಲ್ಲ. ಅದು ಗಂಟಿನ ಪಕ್ಕಕ್ಕೆ ಹೋಗಿರಬಹುದು. ಕೈ, ಚಿತ್ರ, ಸೂಜಿ ಮೂರೂ ‘ಅಪಾಯವಿಲ್ಲ’ ಎಂದರೆ ಆ ಉತ್ತರ ತಪ್ಪುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಚಿತ್ರ 5 ಎಂದು, ಬಯಾಪ್ಸಿ ‘ಬಿನೈನ್’ (ಕ್ಯಾನ್ಸರ್ ಅಲ್ಲ) ಎಂದು ಬಂದರೆ ಅದು ಸಮಾಧಾನದ ಸುದ್ದಿಯಲ್ಲ. ಮತ್ತೆ ಸೂಜಿ ಹಾಕಬೇಕು, ಇಲ್ಲವೇ ಗಂಟನ್ನೇ ತೆಗೆದು ನೋಡಬೇಕು.