ಅಜ್ಜನ ಲೆಕ್ಕ, ಅಜ್ಜನ ಕಿವಿಗೆ

ಹರಿಹರದ ಪೇಟೆಯಲ್ಲಿ ಮಂಡಕ್ಕಿ ಅಂಗಡಿ ಇಟ್ಟುಕೊಂಡ ಅಜ್ಜ ಒಬ್ಬರಿದ್ದಾರೆ ಎಂದುಕೊಳ್ಳಿ. ಈಚೆಗೆ ಅವರ ಕಣ್ಣು ಮಂಜು. ಕ್ಯಾಲ್ಕುಲೇಟರಿನಲ್ಲಿ 3 ಯಾವುದು, 8 ಯಾವುದು ಎಂದು ತಿಳಿಯುವುದಿಲ್ಲ. ಸಂಜೆ ಗಲ್ಲಾ ಲೆಕ್ಕಕ್ಕೆ ಮೊಮ್ಮಗನನ್ನು ಕೂಗಬೇಕು. ಯಾರ ಉದ್ರಿ ಎಷ್ಟು ಎಂಬುದು ಮನೆಮಂದಿಗೆಲ್ಲ ಗೊತ್ತಾಗಿಬಿಡುತ್ತದೆ. ಕಣ್ಣು ಮಂಜಾದದ್ದಕ್ಕಿಂತ ಅಜ್ಜನಿಗೆ ಇದೇ ದೊಡ್ಡ ಸಂಕಟ.

ಮೊದಲು ಕಣ್ಣಿನ ವೈದ್ಯರಿಗೆ ತೋರಿಸಿ. ಪೊರೆ ಬಂದಿದ್ದರೆ ಬೇಕಾದದ್ದು ಶಸ್ತ್ರಚಿಕಿತ್ಸೆ, ಕ್ಯಾಲ್ಕುಲೇಟರ್ ಅಲ್ಲ. ಕನ್ನಡಕ, ಚಿಕಿತ್ಸೆ ಎಲ್ಲ ಆದಮೇಲೂ ನೋಟ ಮಂದವಾಗಿಯೇ ಉಳಿಯಿತೇ? ಆಗ ಮಾತನಾಡುವ ಕ್ಯಾಲ್ಕುಲೇಟರ್ ಹುಡುಕಿ. ಇದು ಹೊಸದೇನಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲೇ ಕೈಯಲ್ಲಿ ಹಿಡಿಯುವಂಥದ್ದು ಬಂದಿತ್ತು. ಅದಕ್ಕೆ ಗೊತ್ತಿದ್ದದ್ದು ಬರೀ 24 ಪದ!

ಕೊಳ್ಳುವಾಗ ಅಜ್ಜನನ್ನೇ ಕರೆದುಕೊಂಡು ಹೋಗಿ, ಅವರ ಕೈಗೇ ಕೊಡಿ. ಒತ್ತಿದ ಪ್ರತಿ ಗುಂಡಿಯ ಹೆಸರನ್ನೂ ಅದು ಹೇಳಬೇಕು. ಬರೀ ಬೀಪ್ ಎಂದರೆ ಸಾಲದು, ತಪ್ಪು ಒತ್ತಿದ್ದು ಗೊತ್ತಾಗುವುದೇ ಇಲ್ಲ. ಹೆಚ್ಚಿನವು ಮಾತನಾಡುವುದು ಇಂಗ್ಲಿಷಿನಲ್ಲಿ. ಆದ್ದರಿಂದ 125000 ಒತ್ತಿ ನೋಡಿ. ನಾವು ಒಂದು ಲಕ್ಷದ ಇಪ್ಪತ್ತೈದು ಸಾವಿರ ಅನ್ನುವುದನ್ನು ಅದು ‘ಒನ್ ಹಂಡ್ರೆಡ್ ಟ್ವೆಂಟಿಫೈವ್ ಥೌಸಂಡ್’ ಎಂದೀತು. ಹಾಗಿದ್ದರೆ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುವಂಥದ್ದೇ ಅಜ್ಜನಿಗೆ ಸಲೀಸು. 12.50ರ ಚುಕ್ಕಿಯನ್ನು ಹೇಳುತ್ತದೆಯೇ, ಉತ್ತರವನ್ನು ಮತ್ತೊಮ್ಮೆ ಕೇಳಿಸುವ ಗುಂಡಿ ಇದೆಯೇ, ಅದನ್ನೂ ನೋಡಿ. ಇಯರ್‌ಫೋನ್ ಸಿಕ್ಕಿಸುವ ತೂತು ಇರಲೇಬೇಕು ಎಂಬುದು ನನ್ನ ಹಟ. ಇಲ್ಲದಿದ್ದರೆ ಗಿರಾಕಿಯ ಎದುರೇ ಲಾಭ–ನಷ್ಟ ಡಂಗುರ ಆಗುತ್ತದೆ!

ಮಕ್ಕಳೇ, ಒಂದು ತಮಾಷೆ ಗಮನಿಸಿದ್ದೀರಾ? ಫೋನಿನಲ್ಲಿ ಮೇಲಿನ ಸಾಲು 1, 2, 3. ಕ್ಯಾಲ್ಕುಲೇಟರಿನಲ್ಲಿ 7, 8, 9. ಬೆರಳ ಅಂದಾಜಿನಲ್ಲೇ ಫೋನ್ ಒತ್ತಿ ರೂಢಿಯಾದ ಅಜ್ಜ ಇಲ್ಲಿ ಎಡವುತ್ತಾರೆ. ಎರಡರಲ್ಲೂ 5 ಮಾತ್ರ ನಟ್ಟನಡುವೆ ಇರುತ್ತದೆ. ಅದರ ಮೇಲೆ ಉಬ್ಬುಚುಕ್ಕಿ ಇದೆಯೇ ಎಂದು ಮುಟ್ಟಿ ನೋಡಿ. ಗುಂಡಿಗಳ ನಡುವೆ ಅಂತರ, ಬಿಳಿ ಮೇಲೆ ಕಪ್ಪು ದಪ್ಪ ಅಂಕಿ ಇದ್ದರೆ ಅಳಿದುಳಿದ ನೋಟವೂ ಕೆಲಸಕ್ಕೆ ಬರುತ್ತದೆ.

ಫೋನಿದೆಯಲ್ಲ ಎನ್ನುತ್ತೀರಾ? ಆಂಡ್ರಾಯ್ಡ್ ಫೋನಿನ ‘ಟಾಕ್‌ಬ್ಯಾಕ್’ ಕನ್ನಡದಲ್ಲೇ ಓದಿ ಹೇಳುತ್ತದೆ, ಬೇರೆ ಖರ್ಚಿಲ್ಲ. ಆದರೆ ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ಒತ್ತಿದಂತೆ. ನುಣುಪು ಗಾಜಿನ ಮೇಲೆ ಬೆರಳಿಗೆ ಗುರುತೂ ಸಿಗದು. ಎಳೆಯರು ಬೇಗ ಕಲಿಯುತ್ತಾರೆ. ಎಪ್ಪತ್ತು ದಾಟಿದವರಿಗೆ ಗುಂಡಿಯದ್ದೇ ವಾಸಿ.

ಮಂದದೃಷ್ಟಿಯ ವಿದ್ಯಾರ್ಥಿಗೂ ಗುಂಡಿಯದ್ದೇ ಬೇಕು, ಪರೀಕ್ಷಾ ಕೊಠಡಿಗೆ ಫೋನ್ ಒಯ್ಯುವಂತಿಲ್ಲವಲ್ಲ. ಕ್ಯಾಲ್ಕುಲೇಟರ್ ಬಳಸಬಹುದಾದ ಪರೀಕ್ಷೆಗಳಲ್ಲಿ ಮಾತನಾಡುವ ಕ್ಯಾಲ್ಕುಲೇಟರಿಗೂ ಅವಕಾಶ ಕೊಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ಪರೀಕ್ಷೆಗೆ ಸಾಕಷ್ಟು ಮೊದಲೇ ಶಾಲೆಯಲ್ಲಿ ಕೇಳಿ, ಅನುಮತಿಯನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಿ.