ಜಾಲಪುಟದಲ್ಲಿ ಷಟ್ಪದಿ: ಸಾಲಿನ ವಿನ್ಯಾಸ ಮತ್ತು ಸರ್ವರ ಓದು

ಪದ್ಯದ ಸಾಲು ಪುಟದ ಮೇಲೆ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಕೇವಲ ಅಲಂಕಾರದ ಸಂಗತಿಯಲ್ಲ. ಕುಮಾರವ್ಯಾಸನ 'ಕರ್ಣಾಟ ಭಾರತ ಕಥಾಮಂಜರಿ' ರಚಿತವಾಗಿರುವ ಭಾಮಿನಿ ಷಟ್ಪದಿಯಲ್ಲಿ 1, 2, 4 ಮತ್ತು 5ನೆಯ ಪಾದಗಳಿಗೆ ತಲಾ 14 ಮಾತ್ರೆಗಳು. 3 ಮತ್ತು 6ನೆಯ ಪಾದಗಳಿಗೆ ತಲಾ 23 ಮಾತ್ರೆಗಳು. ನೀಳಪಾದಗಳನ್ನು ಬೇರೊಂದು ಅಂತರದಿಂದ ಆರಂಭಿಸಿ ಮುದ್ರಿಸಿದಾಗ ಪದ್ಯದ ಎರಡು ಅರ್ಧಗಳು ಕಣ್ಣಿಗೆ ಸ್ಪಷ್ಟವಾಗುತ್ತವೆ. ಆ ತೆರಪು ಛಂದಸ್ಸಿನ ಸೂಚಕವೇ ಆಗಿದೆ.

ಈ ಸೂಚಕವನ್ನು ಜಾಲಪುಟಕ್ಕೆ ತರುವಲ್ಲಿ ಹಲವು ತೊಡಕುಗಳಿವೆ. ಸಾಲಿನ ಮೊದಲಲ್ಲಿ ಒತ್ತಿದ ಸಾಮಾನ್ಯ ಖಾಲಿ ಜಾಗಗಳನ್ನು ಬ್ರೌಸರ್ ಕೈಬಿಡುತ್ತದೆ. ಅದಕ್ಕಾಗಿ ಕೆಲವರು ಕುಗ್ಗದ ಖಾಲಿ ಅಕ್ಷರಗಳನ್ನು ಸಾಲಾಗಿ ಸೇರಿಸುತ್ತಾರೆ. ಅಕ್ಷರವಿನ್ಯಾಸ ಬದಲಾದೊಡನೆ ತೆರಪಿನ ಅಳತೆಯೂ ಬದಲಾಗುತ್ತದೆ. ಎಚ್‌ಟಿಎಂಎಲ್‌ನ 'ಪ್ರಿ' ಗುರುತು ಖಾಲಿ ಜಾಗಗಳನ್ನು ಉಳಿಸಿದರೂ ಸಾಲನ್ನು ತಾನಾಗಿ ಮಡಿಸುವುದಿಲ್ಲ. ಅಕ್ಷರಗಳನ್ನು ಹಿಗ್ಗಿಸಿ ಓದುವ ಮಂದದೃಷ್ಟಿಯವರು ಪ್ರತಿ ನೀಳಪಾದಕ್ಕೂ ಪುಟವನ್ನು ಅತ್ತಿತ್ತ ಸರಿಸಬೇಕಾಗುತ್ತದೆ. ಉದ್ಧರಣೆಗೆ ಮೀಸಲಾದ ಗುರುತನ್ನು ತೆರಪಿಗಾಗಿ ಬಳಸಿದರೆ, ಅಂಧರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶವು ಕವಿಯ ಮೂಲಪದ್ಯವನ್ನೇ ಉದ್ಧರಣೆಯೆಂದು ಸಾರಬಹುದು.

ರಚನೆಯನ್ನೂ ರೂಪವನ್ನೂ ಬೇರ್ಪಡಿಸುವುದೇ ಇದಕ್ಕೆ ಪರಿಹಾರ. ಪದ್ಯವನ್ನು ಒಂದು ಘಟಕವಾಗಿಯೂ ಪ್ರತಿ ಪಾದವನ್ನು ಅದರೊಳಗಿನ ಉಪಘಟಕವಾಗಿಯೂ ಗುರುತಿಸಿ, ನೀಳಪಾದಕ್ಕೆ ಪ್ರತ್ಯೇಕ ವರ್ಗನಾಮವನ್ನಿತ್ತು, ತೆರಪನ್ನು ಸಿಎಸ್‌ಎಸ್ ಶೈಲಿಯ ಮೂಲಕ ಅಕ್ಷರಗಾತ್ರಕ್ಕೆ ಅನುಪಾತವಾಗಿ ನಿಗದಿಪಡಿಸಬೇಕು. ಕಿರಿದಾದ ಪರದೆಯಲ್ಲಿ ಮಡಿಸಿಕೊಂಡ ಭಾಗವನ್ನು ಇನ್ನಷ್ಟು ಒಳಕ್ಕೆ ಸರಿಸಿದರೆ ಅದು ಹೊಸ ಪಾದವೆಂಬ ಭ್ರಮೆ ತಪ್ಪುತ್ತದೆ. ನೋಟದಿಂದ ತಿಳಿಯುವ ರಚನೆಯು ಸಂಕೇತದಿಂದಲೂ ತಿಳಿಯಬೇಕೆಂಬುದು 2008ರ ಜಾಲ ಸುಗಮ್ಯತಾ ಮಾರ್ಗಸೂಚಿಯ ಆಶಯ. 320 ಪಿಕ್ಸೆಲ್ ಅಗಲದಲ್ಲಿಯೂ ಪಠ್ಯವನ್ನು ಅಡ್ಡಲಾಗಿ ಸರಿಸದೆ ಓದುವಂತಿರಬೇಕೆಂಬುದು 2018ರ ಪರಿಷ್ಕರಣದ ಸೇರ್ಪಡೆ. ಪುಟದ ಭಾಷೆ ಕನ್ನಡವೆಂದು ಸಂಕೇತದಲ್ಲಿ ನಮೂದಿಸಿದರೆ ಧ್ವನಿತಂತ್ರಾಂಶವು ಕನ್ನಡ ಉಚ್ಚಾರಣೆಯನ್ನು ಆಯ್ದುಕೊಳ್ಳಲು ಅನುಕೂಲ.

ಆದರೆ ಷಟ್ಪದಿಯಲ್ಲಿ ಶೈಲಿಸೂತ್ರಗಳಿಗೆ ನಿಲುಕದ ಮತ್ತೊಂದು ಸಮಸ್ಯೆಯಿದೆ. ಗಣವಿಭಾಗಕ್ಕೆ ಅನುಗುಣವಾಗಿ ಒಂದೇ ಪದ ಒಂದು ಪಾದದ ಕೊನೆಯಲ್ಲಿ ತೊಡಗಿ ಮುಂದಿನ ಪಾದದಲ್ಲಿ ಮುಗಿಯುವುದು ಸಾಮಾನ್ಯ. ಕಣ್ಣು ಆ ತುಂಡುಗಳನ್ನು ಕೂಡಿಸಿಕೊಳ್ಳುತ್ತದೆ. ಯಂತ್ರಧ್ವನಿಯು ಅವನ್ನು ಎರಡು ಅರ್ಥಹೀನ ಪದಗಳಾಗಿ ಉಚ್ಚರಿಸಬಹುದು. ಪದಶೋಧದಲ್ಲಿಯೂ ಅಂತಹ ಪದ ಕೈತಪ್ಪುವ ಸಂಭವವಿದೆ. ಪದಪ್ರಯೋಗಗಳನ್ನು ಎಣಿಸುವ ಸಂಶೋಧಕನಿಗೂ ಇದು ನಷ್ಟವೇ. ಆದ್ದರಿಂದ ಛಂದೋಬದ್ಧ ಪಾಠವನ್ನು ಯಥಾವತ್ತಾಗಿ ಉಳಿಸಿ, ಅದೇ ಪದ್ಯಸಂಖ್ಯೆಯಡಿ ಪದವಿಂಗಡಣೆಯ ಪಾಠವೊಂದನ್ನು ಎಲ್ಲರಿಗೂ ಕಾಣುವಂತೆ ಒದಗಿಸುವುದು ಯುಕ್ತ.

ಸಂಧಿಯನ್ನು ಎಲ್ಲಿ ಬಿಡಿಸಬೇಕು, ಯಾವ ಅರ್ಥಕ್ಕೆ ಒಪ್ಪಬೇಕು ಎಂಬ ನಿರ್ಣಯಗಳು ತಂತ್ರಜ್ಞನವಲ್ಲ, ಗ್ರಂಥಸಂಪಾದಕನವು. ಹಳೆಯ ಕಾವ್ಯಗಳನ್ನು ಅಂತರಜಾಲಕ್ಕೆ ಏರಿಸುವ ಸಂಸ್ಥೆಗಳು ಈ ಕಾರ್ಯವನ್ನು ಅಕ್ಷರಜೋಡಣೆಯ ಅಂತಿಮ ಹಂತಕ್ಕೆ ಬಿಡದೆ ಸಂಪಾದನೆಯ ಅಂಗವಾಗಿಯೇ ಪರಿಗಣಿಸಬೇಕು. ಗಮಕಿಗಳ ಕಂಠದಿಂದ ಕೇಳಿ ಉಳಿದುಬಂದ ಕಾವ್ಯವು ಕಿವಿಯಿಂದಲೇ ಓದುವವರಿಗೆ ಎಟುಕದೆ ಹೋಗಬಾರದು.